ಡೆರಿಡಾಗೆ ಪ್ಯಾರಿಸ್‌ನಲ್ಲಿ ಪ್ರೊಫೆಸರ್ ಕೆಲಸ ಯಾಕೆ ಸಿಗಲಿಲ್ಲ?

ಇಂಗ್ಲಿಷ್ ಎಂ.ಎ. ಮಾಡಿದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು: ‘ಅಮೆರಿಕದಲ್ಲಿ ಅಷ್ಟೊಂದು ಮೆರೆದ ತತ್ವಜ್ಞಾನಿ ಡೆರಿಡಾಗೆ ಫ್ರಾನ್ಸಿನ ಯೂನಿವರ್ಸಿಟಿಗಳು ಒಂದು ಪ್ರೊಫೆಸರ್ ಕೆಲಸವನ್ನೂ ಕೊಡಲಿಲ್ಲವಂತೆ, ಯಾಕೆ ಸಾರ್? ಹಿತ್ತಲ ಗಿಡ ಮದ್ದಲ್ಲ ಅಂತಲಾ?’

ಗಾದೆ ಚೆನ್ನಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಈ ಗಿಡ ಹಿತ್ತಲಿನದ್ದೂ ಅಲ್ಲ. ಜಾಕ್ ಡೆರಿಡಾ ಹುಟ್ಟಿದ್ದು 1930ರಲ್ಲಿ, ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ, ಅಲ್ಜೀರ್ಸ್ ಪಕ್ಕದ ಎಲ್ ಬಿಯಾರ್‌ನ ಯೆಹೂದಿ ಮನೆಯಲ್ಲಿ. ನಾಜಿಗಳ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಯೆಹೂದಿ ವಿರೋಧಿ ಕಾನೂನಿನಿಂದಾಗಿ 1942ರಲ್ಲಿ ಅವನನ್ನು ಶಾಲೆಯಿಂದಲೇ ಹೊರಗೆ ಹಾಕಿದ್ದರು. ಅಂಥ ಹುಡುಗ ಹತ್ತು ವರ್ಷದಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ಎಂಬ ಉನ್ನತ ವಿದ್ಯಾಸಂಸ್ಥೆ ಸೇರಿದ. ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲಕ್ಕೆ ಪಾಸಾಗಿ. ಫ್ರಾನ್ಸಿನ ಬುದ್ಧಿಜೀವಿಗಳಿಗೆ ಅದಕ್ಕಿಂತ ಒಳಗಿನ ಮನೆ ಇನ್ನೊಂದಿಲ್ಲ.

ಅಲ್ಲಿ ಸೇರಿದವರ ಮುಂದಿನ ಗುರಿ ಅಗ್ರೆಗಾಸಿಯೋಂ ಎಂಬ ಪರೀಕ್ಷೆ. ನಮ್ಮ ನೆಟ್, ಕೆ-ಸೆಟ್‌ಗಳಂತೆ ಅರ್ಹತೆ ನೋಡುವ ಪರೀಕ್ಷೆ ಅಂದುಕೊಳ್ಳಬೇಡಿ. ಐಎಎಸ್ ತರಹ ಹುದ್ದೆಗಳನ್ನು ಎಣಿಸಿಕೊಂಡು ಅಷ್ಟೇ ಜನರನ್ನು ತೆಗೆಯುವ ಸ್ಪರ್ಧೆ. ವರ್ಷಕ್ಕೊಂದು ಸಿಲಬಸ್, ಗಂಟೆಗಟ್ಟಲೆ ಕೂತು ಬರೆಯುವ ಪ್ರಬಂಧ, ಆಮೇಲೆ ಜ್ಯೂರಿಯ ಮುಂದೆ ನಿಂತು ಪಾಠ. ಲೀಸೆಯಲ್ಲಿ, ಅಂದರೆ ಅಲ್ಲಿನ ಹೈಸ್ಕೂಲಿನಲ್ಲಿ, ತತ್ವಶಾಸ್ತ್ರ ಹೇಳಿಕೊಡಲಿಕ್ಕೂ ಇದೇ ರಾಜಮಾರ್ಗ. ಡೆರಿಡಾ ಇಲ್ಲೂ 1955ರಲ್ಲಿ ಸೋತು 1956ರಲ್ಲಿ ಗೆದ್ದ. ಅವನೇ ಹೇಳಿಕೊಂಡಿರುವ ಒಂದು ಕಥೆ ಇದೆ. ತಯಾರಿಗೆಂದು ಬರೆದ ಪ್ರಬಂಧವನ್ನು ಅಲ್ಲಿನ ತತ್ವಶಾಸ್ತ್ರದ ಮೇಷ್ಟ್ರು ಅಲ್ಟ್ಯೂಸರ್‌ಗೆ ಕೊಟ್ಟನಂತೆ. ಅಲ್ಟ್ಯೂಸರ್ ಇದಕ್ಕೆ ಅಂಕ ಕೊಡುವುದು ನನ್ನಿಂದಾಗದು ಎಂದು ಇನ್ನೊಬ್ಬ ತತ್ವಜ್ಞಾನಿ ಫೂಕೋಗೆ ದಾಟಿಸಿದ. ಫೂಕೋ ಓದಿ, ಇದಕ್ಕೆ ಒಂದೋ ಫೇಲ್ ಮಾಡಬೇಕು, ಇಲ್ಲಾ ಎಲ್ಲರಿಗಿಂತ ಹೆಚ್ಚು ಅಂಕ ಕೊಡಬೇಕು ಅಂದನಂತೆ. ಮುಂದಿನ ಮೂವತ್ತು ವರ್ಷ ಆಯ್ಕೆ ಸಮಿತಿಗಳಿಗೂ ಬಂದದ್ದು ಇದೇ ಫಜೀತಿ. ಆದರೆ ಸಮಿತಿಗಳಿಗೆ ಫೂಕೋನ ನಗು ಇರಲಿಲ್ಲ.

1964ರಲ್ಲಿ ಎಕೋಲ್ ನಾರ್ಮಾಲ್‌ಗೇ ಮೇಷ್ಟ್ರಾಗಿ ಮರಳಿದ. ಅಲ್ಲಿ ಆ ಕೆಲಸ ಮಾಡುವವರನ್ನು ‘ಕೈಮಾನ್’ ಅನ್ನುತ್ತಾರೆ. ಒಂದು ಜಾತಿಯ ಮೊಸಳೆ. ಕೆಲಸ ಏನು? ಹುಡುಗರನ್ನು ಅಗ್ರೆಗಾಸಿಯೋಂಗೆ ಹುರಿಗೊಳಿಸುವುದು. ಇದನ್ನು ಅವನು ಇಪ್ಪತ್ತು ವರ್ಷ ಮಾಡಿದ. 1967ರ ಒಂದೇ ವರ್ಷದಲ್ಲಿ ಮೂರು ಪುಸ್ತಕ ಬಂದಾಗಲೂ, ಅಮೆರಿಕದ ಯೇಲ್ ಯೂನಿವರ್ಸಿಟಿಗೆ ವರ್ಷವರ್ಷ ಹೋಗಿ ಬರುತ್ತಿದ್ದಾಗಲೂ, ಫ್ರಾನ್ಸಿನಲ್ಲಿ ಕೆಲಸ ಅದೇ, ದರ್ಜೆ ಅದೇ.

ಆ ಕೋಚಿಂಗ್ ಕೆಲಸವನ್ನು ಅವನು ಹೇಗೆ ಮಾಡುತ್ತಿದ್ದ ಎಂಬುದಕ್ಕೆ ಒಂದು ಉದಾಹರಣೆ. 1975-76ರ ಸಿಲಬಸ್‌ನಲ್ಲಿ ‘ಜೀವನ ಮತ್ತು ಮರಣ’ ಎಂಬ ವಿಷಯ ಇತ್ತು. ಬೇರೆ ಯಾರಾದರೂ ಆಗಿದ್ದರೆ ಪ್ಲೇಟೋನಿಂದ ಹಿಡಿದು ಸಾಲಾಗಿ ಪಾಠ ಮಾಡುತ್ತಿದ್ದರು. ಡೆರಿಡಾ ಜೀವಶಾಸ್ತ್ರಜ್ಞ ಫ್ರಾಂಸ್ವಾ ಜಾಕೋಬ್ ವಂಶವಾಹಿಗಳ ಬಗ್ಗೆ ಬರೆದ ಪುಸ್ತಕ ತಂದ, ನೀಚೆಯನ್ನು ತಂದ, ಫ್ರಾಯ್ಡ್‌ನನ್ನು ತಂದ. ಪರೀಕ್ಷೆ ಕೊಟ್ಟ ವಿಷಯದ ತಲೆಬರಹವನ್ನೇ ಪ್ರಶ್ನೆಗೆ ಎಳೆದ. ಕೆಲಸ ಮಾತ್ರ ಬಿಡಲಿಲ್ಲ. ಪರೀಕ್ಷೆಗೆ ತಯಾರು ಮಾಡುತ್ತಲೇ ಆ ಪರೀಕ್ಷೆ ಏನು ಮಾಡುತ್ತದೆ ಎಂದು ಅದೇ ತರಗತಿಯಲ್ಲಿ ಕೇಳುತ್ತಿದ್ದ. ಸಂಬಳ ಕೊಡುವವರಿಗೆ ಇದು ರುಚಿಸುವ ಸಂಗತಿಯಲ್ಲ, ಬಿಡಿ.

ಹಾಗಾದರೆ ಬಡ್ತಿ? ಆಗಿನ ಫ್ರಾನ್ಸಿನಲ್ಲಿ ಯೂನಿವರ್ಸಿಟಿ ಪ್ರೊಫೆಸರ್ ಆಗಲು ‘ರಾಜ್ಯ ಡಾಕ್ಟರೇಟ್’ ಎಂಬ ದೈತ್ಯ ಪ್ರಬಂಧ ಬೇಕಿತ್ತು. ಹತ್ತು-ಹದಿನೈದು ವರ್ಷ ಹಿಡಿಯುತ್ತಿದ್ದ ಸಂಗತಿ. ಡೆರಿಡಾ 1957ರಲ್ಲೇ ತತ್ವಶಾಸ್ತ್ರದ ಪ್ರೊಫೆಸರ್ ಇಪೊಲಿಟ್ ಬಳಿ ಒಂದು ವಿಷಯ ನೋಂದಾಯಿಸಿದ್ದ, ಬರೆಯಲಿಲ್ಲ. ಆಮೇಲೆ ಜರ್ಮನ್ ತತ್ವಜ್ಞಾನಿ ಹೆಗೆಲ್ ಮೇಲೆ ಇನ್ನೊಂದು. 1968ರಲ್ಲಿ ಇಪೊಲಿಟ್ ತೀರಿಕೊಂಡ. 1974ರ ಹೊತ್ತಿಗೆ ಡೆರಿಡಾ ಪ್ರಬಂಧ ಬರೆಯುವುದೇ ಇಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದ. ಆ ವರ್ಷ ಬಂದ ‘ಗ್ಲಾಸ್’ ಪುಸ್ತಕ ನೋಡಿ: ಪುಟದ ಎಡಗಡೆ ಹೆಗೆಲ್, ಬಲಗಡೆ ಕಳ್ಳತನಕ್ಕೆ ಜೈಲು ಕಂಡಿದ್ದ ಲೇಖಕ ಜೆನೆ, ಎರಡು ಕಾಲಂ ಅಕ್ಕಪಕ್ಕ. ಯಾವ ಜ್ಯೂರಿಯ ಮುಂದೆ ಇಡುತ್ತೀರಿ ಇದನ್ನು? ‘ಕೊಡಲಿಲ್ಲ’ ಅನ್ನುವವರು ‘ಕೇಳಲಿಲ್ಲ’ ಅನ್ನುವ ಈ ಭಾಗವನ್ನು ಮರೆಯುತ್ತಾರೆ.

ಕೊನೆಗೆ ಕೇಳಿದ. 1980ರ ಜೂನ್‌ನಲ್ಲಿ, ಐವತ್ತರ ಹೊಸ್ತಿಲಲ್ಲಿ, ಹೊಸದಾಗಿ ಏನೂ ಬರೆಯದೆ ಪ್ರಕಟವಾಗಿದ್ದ ಪುಸ್ತಕಗಳನ್ನೇ ಪ್ರಬಂಧವೆಂದು ಸೊರ್ಬಾನ್‌ನಲ್ಲಿ ಮಂಡಿಸಿದ. ಜ್ಯೂರಿಯಲ್ಲಿ ತತ್ವಜ್ಞಾನಿ ಲೆವಿನಾಸ್ ಇದ್ದರು. ಇಪ್ಪತ್ತಾರು ವರ್ಷ ಹಿಂದೆ ಅವನ ವಿದ್ಯಾರ್ಥಿದೆಸೆಯ ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಮೋರಿಸ್ ದ ಗಾಂದಿಯಾಕ್ ಕೂಡ ಇದ್ದರು. ಮಂಡಿಸಿದ್ದಕ್ಕೆ ಕಾರಣ, ತತ್ವಜ್ಞಾನಿ ಪಾಲ್ ರಿಕರ್ ನಿವೃತ್ತಿಯಿಂದ ತೆರವಾದ, ಪ್ಯಾರಿಸ್ ಪಕ್ಕದ ನಾಂತೇರ್ ಯೂನಿವರ್ಸಿಟಿಯ ಹುದ್ದೆ. ಅರ್ಜಿ ಹಾಕಿ ಎಂದು ಅಲ್ಲಿಯ ಸಹೋದ್ಯೋಗಿಗಳೇ ಬೆನ್ನು ಹತ್ತಿದ್ದರು. ಅಷ್ಟರಲ್ಲಿ ಯೂನಿವರ್ಸಿಟಿಗಳ ಸಚಿವೆ ಸೋನಿಯೇ-ಸೈತೇ ಆ ಹುದ್ದೆಯನ್ನೇ ರದ್ದು ಮಾಡಿದರು. ಬದಲಿಗೆ ಇನ್ನೊಂದು ಹುದ್ದೆ ಬಂದಾಗ, ಅರ್ಜಿ ಹಾಕಿಸಿದ ಅದೇ ಸಹೋದ್ಯೋಗಿಗಳು ಅವನ ವಿರುದ್ಧ ಮತ ಹಾಕಿದರು.

ಇಲ್ಲಿಗೆ ನನ್ನ ಉತ್ತರಕ್ಕೆ ಬಂದೆ. ‘ಅವನ ಬರವಣಿಗೆ ಅರ್ಥವಾಗಲಿಲ್ಲ, ಅದಕ್ಕೇ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಅರ್ಥವಾಗದವರು ಪ್ರೊಫೆಸರಾದ ಉದಾಹರಣೆಗೆ ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ. ಫ್ರಾನ್ಸಿನಲ್ಲಿ ಯೂನಿವರ್ಸಿಟಿ ಪ್ರೊಫೆಸರ್ ಅಂದರೆ ಬರೀ ಪಾಠ ಹೇಳುವವನಲ್ಲ. ಅವನು ಡಾಕ್ಟರೇಟ್ ಮಾಡಿಸುತ್ತಾನೆ, ಜ್ಯೂರಿಗಳಲ್ಲಿ ಕೂರುತ್ತಾನೆ, ಮುಂದಿನ ತಲೆಮಾರಿನ ಮೇಷ್ಟ್ರುಗಳನ್ನು ಆರಿಸುತ್ತಾನೆ. ಡೆರಿಡಾನೋ, ಆ ಏರ್ಪಾಡನ್ನೇ ಬಹಿರಂಗವಾಗಿ ಕೆದಕಿದವನು. 1970ರ ದಶಕದ ಮಧ್ಯದಲ್ಲಿ ಶಿಕ್ಷಣ ಸಚಿವ ಹಾಬಿ ತಂದ ಸುಧಾರಣೆ ಲೀಸೆಗಳಲ್ಲಿ ತತ್ವಶಾಸ್ತ್ರದ ಪಾಠವನ್ನು ಕಡಿತಗೊಳಿಸಲು ಹೊರಟಾಗ, ಸಾರಾ ಕೋಫ್ಮನ್, ಜಾನ್-ಲುಕ್ ನಾನ್ಸಿ ಮೊದಲಾದ ತತ್ವಶಾಸ್ತ್ರದವರ ಜೊತೆ ‘ಗ್ರೆಫ್’ ಎಂಬ ಗುಂಪು ಕಟ್ಟಿದ. ತತ್ವಶಾಸ್ತ್ರವನ್ನು ಶಾಲೆಯ ಕೊನೆಯ ವರ್ಷಕ್ಕೆ ಯಾಕೆ ಮೀಸಲಿಡಬೇಕು, ಇನ್ನೂ ಚಿಕ್ಕ ಮಕ್ಕಳಿಗೆ ಯಾಕೆ ಬೇಡ ಎಂದು ಕೇಳಿದ ಗುಂಪು ಅದು. ಅಂಥವನ ಪುಸ್ತಕವನ್ನು ಮೆಚ್ಚಬಹುದು, ತರಗತಿಗೆ ಹೋಗಿ ಕೂರಬಹುದು. ಆಯ್ಕೆಯ ಕೀಲಿಕೈ ಅವನ ಕೈಗೆ ಕೊಡುವುದು ಬೇರೆ ಮಾತು.

ಇದು ಡೆರಿಡಾ ಒಬ್ಬನ ಹಣೆಬರಹವೂ ಅಲ್ಲ. ತತ್ವಜ್ಞಾನಿ ಬೆರ್ಗ್ಸೋನ್ 1894 ಮತ್ತು 1898ರಲ್ಲಿ ಸೊರ್ಬಾನ್‌ಗೆ ಯತ್ನಿಸಿ ಬರಿಗೈಯಲ್ಲಿ ಬಂದ. 1900ರಲ್ಲಿ ಕೊಲೇಜ್ ದ ಫ್ರಾನ್ಸ್‌ನಲ್ಲಿ ಪೀಠ ಸಿಕ್ಕಿತು, ಜನ ಕಿಕ್ಕಿರಿದರು. 1970ರಲ್ಲಿ ಫೂಕೋಗೂ ಜಾಗ ಕೊಟ್ಟದ್ದು ಅದೇ ಸಂಸ್ಥೆ. ಅಲ್ಲಿ ಯಾರು ಬೇಕಾದರೂ ಬಂದು ಉಪನ್ಯಾಸ ಕೇಳಬಹುದು. ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ. ಗೌರವ ಅಪಾರ, ಆದರೆ ಮೇಷ್ಟ್ರುಗಳನ್ನು ತಯಾರಿಸುವ ಯಂತ್ರಕ್ಕೂ ಅದಕ್ಕೂ ಸಂಬಂಧ ಕಡಿಮೆ. ವಿಚಿತ್ರ ಪ್ರತಿಭೆಗಳನ್ನು ಕೂರಿಸಲು ಫ್ರಾನ್ಸ್ ಇಂಥ ಪಕ್ಕದ ಕೋಣೆಗಳನ್ನು ಬಹಳ ಹಿಂದೆಯೇ ಕಟ್ಟಿಕೊಂಡಿದೆ. ಜಾಣತನದ ಏರ್ಪಾಡು ಅಂತಲೇ ನನಗನ್ನಿಸುತ್ತದೆ.

ಡೆರಿಡಾಗೆ ಸಿಕ್ಕಿದ ಕೋಣೆ ಸಮಾಜವಿಜ್ಞಾನಗಳ ಉನ್ನತ ಅಧ್ಯಯನ ಸಂಸ್ಥೆ. 1984ರಿಂದ ಅಲ್ಲಿ ಅಧ್ಯಯನ ನಿರ್ದೇಶಕ. ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಕ್ಕೂ ಬಂತು. ಹಾಗಾಗಿ ‘ಪ್ರೊಫೆಸರ್ ದರ್ಜೆಯೇ ಸಿಗಲಿಲ್ಲ’ ಅನ್ನುವುದು ತಪ್ಪು. ಸಿಕ್ಕಿತು, ಯೂನಿವರ್ಸಿಟಿಯ ತತ್ವಶಾಸ್ತ್ರ ವಿಭಾಗದಲ್ಲಲ್ಲ ಅಷ್ಟೇ. ಅಲ್ಲಿ ಅವನ ಪೀಠಕ್ಕೆ ಇಟ್ಟ ವಿಷಯ ‘ತಾತ್ವಿಕ ಸಂಸ್ಥೆಗಳು’. ತನಗೆ ಬಾಗಿಲು ಹಾಕಿದ ಏರ್ಪಾಡನ್ನೇ ಸಂಬಳ ತಗೊಂಡು ಅಧ್ಯಯನ ಮಾಡುವ ಹುದ್ದೆ!

‘ಹಾಗಾದರೆ ಸರ್ಕಾರ ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಅನ್ನಿ’ ಎಂದು ಕೆಲವರು ಮುಂದುವರಿಸುತ್ತಾರೆ. ಅದೂ ಸರಿಯಲ್ಲ. 1988ರ ಹೊತ್ತಿಗೆ ತತ್ವಶಾಸ್ತ್ರದ ಪಾಠಕ್ರಮ ಹೇಗಿರಬೇಕು ಎಂದು ಹೇಳಲು ಸರ್ಕಾರ ನೇಮಿಸಿದ ಸಮಿತಿಗೆ ಇಬ್ಬರು ಮುಖ್ಯಸ್ಥರು: ಒಬ್ಬ ಡೆರಿಡಾ, ಇನ್ನೊಬ್ಬ ಡೆರಿಡಾನ ಶೈಲಿಯನ್ನು ಕಂಡರಾಗದ ತತ್ವಜ್ಞಾನಿ ಜಾಕ್ ಬುವೆರೆಸ್. ಅಚ್ಚರಿಯೆಂದರೆ ಇಬ್ಬರೂ ಕೂಡಿ ವರದಿ ಬರೆದರು, ಕೊನೆಯ ವರ್ಷಕ್ಕಿಂತ ಮೊದಲೇ ತತ್ವಶಾಸ್ತ್ರ ಶುರು ಮಾಡಿ ಎಂದರು. ವಿರೋಧ ಎದ್ದದ್ದು ತತ್ವಶಾಸ್ತ್ರದ ಮೇಷ್ಟ್ರುಗಳಿಂದಲೇ. ವರದಿ ಕಪಾಟು ಸೇರಿತು.