ಐದು ಸೆಕೆಂಡಿನ ಭಾನುವಾರ

"ಮಾಮ, ನಲವತ್ತು ಸೆಕೆಂಡನ್ನು ಎಂಟರಿಂದ ಭಾಗಿಸಿದ್ರೆ ಎಷ್ಟು?"

ಅಕ್ಕನ ಮಗಳು ತಾನಾಗಿ ಒಂದು ಲೆಕ್ಕ ಕೇಳಿದ್ದು ಅದೇ ಮೊದಲು. ಐದು ಎಂದೆ. "ಬರೀ ಐದೇನಾ!" ಎಂದು ತಲೆ ಮೇಲೆ ಕೈ ಹೊತ್ತು ಕೂತಳು. ನಮ್ಮ ವಿಡಿಯೊ ಶುರುವಾಗಿದ್ದು ಹೀಗೆ.

ಅವಳಿಗೆ ಹದಿಮೂರು ವರ್ಷ. ಅಮೆರಿಕದ ರಾಕ್ ಬ್ಯಾಂಡ್ ಓಕೆ ಗೋ ಅಂದರೆ ಹುಚ್ಚು. ಅದನ್ನು ಅಂಟಿಸಿದವನು ನಾನೇ, ಹಾಗಾಗಿ ದೂರುವಂತಿಲ್ಲ. 2006ರಲ್ಲಿ ಎಂಟು ಟ್ರೆಡ್‌ಮಿಲ್‌ಗಳ ಮೇಲೆ ನಾಲ್ಕು ಜನ ಕುಣಿದ ವಿಡಿಯೊ ಬಂತಲ್ಲ, ಅದನ್ನು ನೋಡಿ ನಾನು ಬಿದ್ದುಬಿದ್ದು ನಕ್ಕಿದ್ದೆ. ಅದಕ್ಕೆ 2007ರಲ್ಲಿ ಗ್ರ್ಯಾಮಿ ಸಿಕ್ಕಿತು. ಅದಕ್ಕೂ ಮೊದಲು, 2005ರಲ್ಲಿ, ಇದೇ ನಾಲ್ವರು ಮನೆಯ ಹಿತ್ತಲಲ್ಲಿ ಕುಣಿದಿದ್ದರು. ಹೆಜ್ಜೆ ಹೇಳಿಕೊಟ್ಟವರು ಹಾಡುಗಾರ ಡೇಮಿಯನ್ ಕುಲಾಶ್ ಅವರ ಸೋದರಿ ಟ್ರಿಶ್ ಸೈ. ಕ್ಯಾಮೆರಾ ಅಲುಗಾಡುವುದಿಲ್ಲ, ಬೆಳಕಿನ ಆಟವಿಲ್ಲ, ಏನೂ ಇಲ್ಲ. ಅಭಿಮಾನಿಗಳು ಅದೇ ಹೆಜ್ಜೆ ಕಲಿತು ತಮ್ಮ ತಮ್ಮ ಹಿತ್ತಲಲ್ಲಿ ಕುಣಿದು ವಿಡಿಯೊ ಹಾಕತೊಡಗಿದರು. ಬ್ಯಾಂಡಿನವರು ಬೈಯಲಿಲ್ಲ, ಅದಕ್ಕೊಂದು ಸ್ಪರ್ಧೆಯನ್ನೇ ಇಟ್ಟರು. ನನಗೆ ಇವರು ಇಷ್ಟವಾಗಲು ಹಾಡಿಗಿಂತ ಜಾಸ್ತಿ ಇದೇ ಕಾರಣ. ನಿಜ ಹೇಳಬೇಕೆಂದರೆ ಕೆಲವು ಹಾಡುಗಳು ನನಗೆ ನೆನಪಿನಲ್ಲೇ ಉಳಿದಿಲ್ಲ. ಈ ಮಾತು ಅವಳ ಮುಂದೆ ಆಡುವಂತಿಲ್ಲ.

ನಮ್ಮ ಭಾನುವಾರಕ್ಕೆ ಕಾರಣವಾದದ್ದು ಅವರ 2016ರ ವಿಡಿಯೊ 'ದಿ ಒನ್ ಮೊಮೆಂಟ್'. ಅದರ ಮೊದಲ ಭಾಗದಲ್ಲಿ ನಡೆಯುವುದೆಲ್ಲ ನಿಜದಲ್ಲಿ 4.2 ಸೆಕೆಂಡಿನ ಕೆಲಸ. ಗಿಟಾರ್‌ಗಳು ಸಿಡಿಯುತ್ತವೆ, ಕಲ್ಲಂಗಡಿಗಳು ಚೂರಾಗುತ್ತವೆ, ಬಣ್ಣದ ನೀರು ಹಾರುತ್ತದೆ. ಅಷ್ಟನ್ನೂ ಎಳೆದು ಎಳೆದು ಹಾಡಿನ ಬಹುಭಾಗಕ್ಕೆ ಹಾಸಿದ್ದಾರೆ. ಗಿಟಾರ್ ಸಿಡಿಯುವುದನ್ನು ಸುಮಾರು 200 ಪಟ್ಟು ನಿಧಾನ ಮಾಡಿದ್ದಾರೆ. ನಡುವೆ ಸುಮಾರು 16 ಸೆಕೆಂಡು ಮಾತ್ರ ಕುಲಾಶ್ ಕೊಡೆ ಹಿಡಿದು ಮಾಮೂಲಿ ವೇಗದಲ್ಲಿ ಹಾಡುತ್ತಾರೆ. ಆಮೇಲೆ ಮತ್ತೆ ನಿಧಾನ, ಮತ್ತೆ ಬಣ್ಣ. ಯಾವುದು ಯಾವ ಕ್ಷಣಕ್ಕೆ ಸಿಡಿಯಬೇಕು ಎಂಬುದನ್ನೆಲ್ಲ ಮೊದಲೇ ದೊಡ್ಡ ಶೀಟಿನಲ್ಲಿ ಲೆಕ್ಕ ಹಾಕಿಟ್ಟಿದ್ದರು. ದಿನವಿಡೀ ಎಕ್ಸೆಲ್ ಜೊತೆ ಬದುಕುವ ನನಗೆ ಆ ಶೀಟಿನ ಸುದ್ದಿ ಕೇಳಿಯೇ ಖುಷಿಯಾಗಿತ್ತು. ನಮ್ಮಂಥವರಿಗೂ ಒಂದು ರಾಕ್ ಬ್ಯಾಂಡಿನಲ್ಲಿ ಕೆಲಸವಿದೆ ಅಂತಾಯಿತಲ್ವಾ!

ನಮ್ಮ ಬಳಿ ಇದ್ದದ್ದು ಒಂದು ಫೋನು. ಅದರ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಚಿತ್ರ, ತೆಗೆಯುತ್ತದೆ. 30 ಫ್ರೇಮಿನಂತೆ ಓಡಿಸಿದರೆ ಎಂಟು ಪಟ್ಟು ನಿಧಾನ. ಅವಳಿಗೆ ಹಾಡಿನಲ್ಲಿ 40 ಸೆಕೆಂಡು ಬೇಕಿತ್ತು. ಅಂದರೆ ನಾವು ಮಾಡುವ ಕೆಲಸವೆಲ್ಲ ಐದು ಸೆಕೆಂಡಿನಲ್ಲಿ ಮುಗಿಯಬೇಕು. ಬಣ್ಣದ ನೀರು ತುಂಬಿದ ಹನ್ನೆರಡು ಬಲೂನು, ತೆರೆಯ ಮೇಲೆ 3.2 ಸೆಕೆಂಡಿಗೊಂದರಂತೆ ಒಡೆಯಬೇಕು. ಎಂಟರಿಂದ ಭಾಗಿಸಿದರೆ 0.4 ಸೆಕೆಂಡಿಗೊಂದು.

ಸೂಜಿಗಳನ್ನು ಬೇರೆ ಬೇರೆ ಎತ್ತರದಿಂದ ಒಟ್ಟಿಗೆ ಬಿಡೋಣ ಎಂಬುದು ನನ್ನ ಮೊದಲ ಉಪಾಯ. ಮೊದಲ ಬಲೂನು ಒಡೆದ ಕ್ಷಣಕ್ಕೆ ಎಲ್ಲ ಸೂಜಿ ಬೀಳಲು ಶುರು, ಒಂದೊಂದೂ ಒಂದೊಂದು ಹೊತ್ತಿಗೆ ತನ್ನ ಬಲೂನಿಗೆ ತಾಗುತ್ತದೆ. ಜಾಣತನದ ಉಪಾಯ ಅಂತಲೇ ನಂಬಿದ್ದೆ. ಶೀಟಿನಲ್ಲಿ ಹಾಕಿದೆ. ಎರಡನೆಯದಕ್ಕೆ 78 ಸೆಂಟಿಮೀಟರ್ ಎತ್ತರ ಸಾಕು. ಮೂರನೆಯದಕ್ಕೆ 3 ಮೀಟರ್ ದಾಟಿತು. ನಾಲ್ಕನೆಯದಕ್ಕೆ 7 ಮೀಟರ್. ಬೀಳುವ ಹೊತ್ತು ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ ಅನ್ನುವುದು ಶಾಲೆಯಲ್ಲಿ ಓದಿದ್ದೇ, ಮರೆತುಹೋಗಿತ್ತು. ಹನ್ನೆರಡನೆಯ ಸೂಜಿಯನ್ನು 95 ಮೀಟರ್ ಮೇಲಿಂದ ಬಿಡಬೇಕು ಎಂದು ಶೀಟು ಹೇಳಿದಾಗ ಲ್ಯಾಪ್‌ಟಾಪ್ ಮುಚ್ಚಿದೆ.

"ಯಾರಾದ್ರೂ ನಡ್ಕೊಂಡು ಹೋಗಿ ಚುಚ್ಚಿದ್ರೆ ಆಗಲ್ವಾ?" ಎಂದಳು ಅಕ್ಕ, ಬಟ್ಟೆ ಮಡಚುತ್ತಾ.

ಆಗುತ್ತದೆ. 0.4 ಸೆಕೆಂಡಿಗೆ ಒಂದು ಹೆಜ್ಜೆ ಎಂದರೆ ನಿಮಿಷಕ್ಕೆ 150. ಸ್ವಲ್ಪ ಬಿರುಸಿನ ನಡಿಗೆ, ಅಷ್ಟೇ. ಹೆಜ್ಜೆಗೆ 60 ಸೆಂಟಿಮೀಟರಿನಂತೆ ಬಲೂನು ತೂಗುಹಾಕಿದರೆ ಏಳು ಮೀಟರ್ ಹಗ್ಗ ಸಾಕು. ಮಾತು ಆಡಿದ ತಪ್ಪಿಗೆ ಅಕ್ಕನೇ ಸೂಜಿಗಾರ್ತಿಯಾದಳು. ಕೋಲಿನ ತುದಿಗೆ ಸೂಜಿ ಕಟ್ಟಿಕೊಟ್ಟೆವು. ಫೋನಿನಲ್ಲಿ ತಾಳ ಹಿಡಿಯುವ ಮೆಟ್ರೊನೋಮ್ ಟಿಕ್ ಟಿಕ್ ಅನ್ನಿಸುತ್ತಾ ಮನೆಯ ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ಬರಿಗೈಯಲ್ಲಿ ನಡೆದು ಕಲಿತಳು. ಭಾವ ಪೇಪರ್ ಕೆಳಗಿಳಿಸಿ ಒಮ್ಮೆ ನೋಡಿದರು, ಮತ್ತೆ ಮೇಲೆತ್ತಿದರು.

ಇನ್ನೊಂದು ತೊಡಕಿತ್ತು. ಅಕ್ಕನ ಮಗಳಿಗೆ ವಿಡಿಯೊದಲ್ಲಿ ತಾನೂ ಹಾಡಬೇಕು. ಎಂಟು ಪಟ್ಟು ನಿಧಾನವಾಗುವ ಕಡೆ ತುಟಿ ಹೊಂದಬೇಕೆಂದರೆ ಎಂಟು ಪಟ್ಟು ಬೇಗ ಹಾಡಬೇಕು. ಪ್ರಯತ್ನಿಸಿದಳು. ಜೇನುಹುಳು ಗುಂಯ್ ಅಂದಂತಾಯಿತು. ಇದೇ ಕಷ್ಟ ಬ್ಯಾಂಡಿನವರಿಗೂ ಬಂದಿತ್ತು. ಮೂಲ ವಿಡಿಯೊದಲ್ಲಿ ಅದಕ್ಕೆ ಸಿಗುವ ಉತ್ತರ ನನಗೆ ಬಹಳ ಇಷ್ಟ: ಫ್ಲಿಪ್ ಬುಕ್. ಹಾಡುವ ಮುಖದ ಫೋಟೊಗಳನ್ನು ಹಾಳೆ ಹಾಳೆಯಾಗಿ ಮುದ್ರಿಸಿ ಮಾಡಿದ ಪುಟ್ಟ ಪುಸ್ತಕ. ಹಾಳೆಗಳನ್ನು ಸರಸರ ಹಾರಿಸಿದರೆ ನಿಧಾನವಾದ ತೆರೆಯ ಮೇಲೆ ಮುಖ ಸರಿಯಾದ ವೇಗದಲ್ಲಿ ಹಾಡುತ್ತದೆ. ತುಟಿಗೆ ಆಗದ ಕೆಲಸ ಕಾಗದಕ್ಕೆ ಆಗುತ್ತದೆ.

ಶನಿವಾರ ಸಂಜೆ ಪೂರ್ತಿ ಅದರಲ್ಲೇ ಕಳೆಯಿತು. ಅವಳು ಹಾಡಿನ ಕೊನೆಯ ಐದು ಸೆಕೆಂಡನ್ನು ಹಾಡಿದಳು, ಅದರಿಂದ 50 ಚಿತ್ರ ತೆಗೆದೆವು, ದಪ್ಪ ಕಾಗದದ ಮೇಲೆ ಮುದ್ರಿಸಿದೆವು, ಕತ್ತರಿಸಿದೆವು, ಕ್ಲಿಪ್ ಹಾಕಿದೆವು. ಆ 50 ಹಾಳೆ ಹೆಬ್ಬೆರಳಿನಿಂದ 0.6 ಸೆಕೆಂಡಿನಲ್ಲಿ ಹಾರಬೇಕು. ಮೊದಲಿಗೆ ಹಾಳೆಗಳು ಎರಡು ಮೂರು ಒಟ್ಟಿಗೆ ಜಾರುತ್ತಿದ್ದವು, ತೆರೆಯ ಮೇಲೆ ಅವಳು ತೊದಲುತ್ತಿದ್ದಳು. ಹಾಳೆಗಳ ಅಂಚನ್ನು ಸ್ವಲ್ಪ ಓರೆಯಾಗಿ ಸರಿಸಿ ಕ್ಲಿಪ್ ಹಾಕಿದ ಮೇಲೆ ಒಂದೊಂದೇ ಬೀಳತೊಡಗಿತು. ರಾತ್ರಿ ಮಲಗುವ ಹೊತ್ತಿಗೆ ಅವಳ ಹೆಬ್ಬೆರಳು ಕೆಂಪಾಗಿತ್ತು.

ಭಾನುವಾರ ಮೊದಲು ಹಾಲ್‌ನಲ್ಲೇ ಒಂದು ಬಲೂನು ಒಡೆದು ನೋಡಿದೆವು, ಬಕೆಟ್ ಇಟ್ಟುಕೊಂಡು. ವಿಡಿಯೊ ಕತ್ತಲೆ ಕತ್ತಲೆ. ಸಾಲದ್ದಕ್ಕೆ ಗೋಡೆಯೆಲ್ಲ ಪಟಪಟ ಮಿಣುಕುತ್ತಿದೆ. ಸೆಕೆಂಡಿಗೆ 240 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೆ ಬೆಳಕು ಸಿಗುವುದು ಹೆಚ್ಚೆಂದರೆ ಸೆಕೆಂಡಿನ 240ನೇ ಒಂದು ಭಾಗ. ಮಿಣುಕಿಗೆ ಕಾರಣ ಕರೆಂಟು. 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ಲೋ ಮೋಷನ್‌ಗೆ ಗೊತ್ತಾಗುತ್ತದೆ. ಹಗ್ಗ, ಬಕೆಟ್, ಬಲೂನು ಎಲ್ಲ ಹೊತ್ತುಕೊಂಡು ತಾರಸಿ ಹತ್ತಿದೆವು. ಬಿಸಿಲಿಗೆ ಮಿಣುಕು ಇಲ್ಲ.

ಕ್ಯಾಮೆರಾ ಅಕ್ಕನ ಜೊತೆಗೇ ಸಾಗಬೇಕು. ಮೂಲದವರ ಬಳಿ ರೋಬೊ ಕೈಗಳಿದ್ದವು. ಒಂದೇ ಕೈಗೆ ಆ ವೇಗ ಆಗದೆ ಅವರೂ ತುಂಡು ತುಂಡಾಗಿ ತೆಗೆದು ಜೋಡಿಸಿದ್ದಾರೆ. ನಮ್ಮ ಬಳಿ ಚಕ್ರದ ಕುರ್ಚಿ ಇತ್ತು. ಅದರ ಮೇಲೆ ನಾನು, ನನ್ನ ಕೈಯಲ್ಲಿ ಫೋನು. ತಳ್ಳಲು ಭಾವ. "ಐದು ಸೆಕೆಂಡಿಗೆ ಇಷ್ಟೊಂದಾ?" ಎಂದು ಅಷ್ಟೊತ್ತಿಗೆ ಮೂರು ಸಲ ಕೇಳಿದ್ದರು.

ಮೊದಲ ಟೇಕ್‌ನಲ್ಲಿ ಅಕ್ಕನಿಗೆ ಹುರುಪು ಬಂದುಬಿಟ್ಟಿತು. ಹಾಲ್‌ನಲ್ಲಿ ಗಡಿಯಾರದ ಹಾಗೆ ನಡೆದವಳು ಬಲೂನು ಒಡೆಯತೊಡಗಿದ ಕೂಡಲೇ ಓಡಿದಳು. ತೆರೆಯ ಮೇಲೆ ಹಾಡು ಇನ್ನೂ ಬಾಕಿ, ಬಲೂನು ಖಾಲಿ. ಎರಡನೆಯದಕ್ಕೆ ಕುರ್ಚಿಯ ಚಕ್ರಕ್ಕೆ ಒಂದು ಕಲ್ಲು ಸಿಕ್ಕಿ ನಾನು ಆಕಾಶವನ್ನು ಚಿತ್ರಿಸಿದೆ. ಚೆನ್ನಾಗಿತ್ತು ಆಕಾಶ.

ಪ್ರತಿ ಟೇಕಿಗೂ ಹನ್ನೆರಡು ಬಲೂನು ತುಂಬಿಸಿ, ಗಂಟು ಹಾಕಿ, ತೂಗುಹಾಕಲು ಮುಕ್ಕಾಲು ಗಂಟೆ. ಒಡೆಯಲು ಐದು ಸೆಕೆಂಡು. ಓಕೆ ಗೋದವರ 2010ರ ಯಂತ್ರದ ವಿಡಿಯೊ ನೆನಪಾಯಿತು, ಒಂದು ವಸ್ತು ಇನ್ನೊಂದನ್ನು ತಳ್ಳುತ್ತಾ ಹೋಗುವ ಅದು. ಅದಕ್ಕೆ 60ಕ್ಕೂ ಹೆಚ್ಚು ಟೇಕ್ ಬೇಕಾಯಿತು. ಕೆಟ್ಟ ಟೇಕ್ ಆದ ಮೇಲೆ ಪ್ರತಿ ಸಲ ಅಲ್ಲಿವರೆಗೆ ಬಿದ್ದದ್ದನ್ನೆಲ್ಲ ಮತ್ತೆ ಜೋಡಿಸಬೇಕು. ಆ ಜನ ಒಬ್ಬರ ಮುಖ ಒಬ್ಬರು ಹೇಗೆ ನೋಡಿಕೊಂಡಿರಬಹುದು ಎಂದು ಹಿಂದೆಂದೂ ಯೋಚಿಸಿರಲಿಲ್ಲ. ಎರಡನೆಯ ಟೇಕ್ ಆದ ಮೇಲೆ ನಮ್ಮ ತಾರಸಿಯಲ್ಲಿ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

ಮೂರನೆಯದು ಎಲ್ಲ ಸರಿಯಾಯಿತು ಅನ್ನಿಸಿತು. ಓಡಿಸಿ ನೋಡಿದರೆ ಮೊದಲ ಎರಡು ಬಲೂನು ಫಟಫಟ ಒಡೆದು, ನಡುವಿನದು ಮಾತ್ರ ನಿಧಾನ. ಅಕ್ಕನ ಮಗಳ ಕಣ್ಣಲ್ಲಿ ನೀರು. ಫೋನು ತಾನಾಗಿಯೇ ಶುರು ಮತ್ತು ಕೊನೆಯನ್ನು ಮಾಮೂಲಿ ವೇಗದಲ್ಲಿ ಇಡುತ್ತದೆ, ಆ ಗೆರೆಯನ್ನು ಎಳೆದರೆ ಸರಿಯಾಗುತ್ತದೆ ಎಂದು ಕಂಡುಹಿಡಿದವರು ಭಾವ. ಅಲ್ಲಿಂದ ಮುಂದೆ ಅವರು ಕೇಳಿದ್ದು "ಇನ್ನೊಂದು ಟೇಕ್ ಯಾವಾಗ?" ಅಂತ ಮಾತ್ರ. ಆ ಟೇಕ್ ಸರಿಯಾದರೂ ಫ್ಲಿಪ್ ಬುಕ್ಕಿನ ಮೇಲೆ ನನ್ನ ನೆರಳು ಬಿದ್ದಿತ್ತು.

ನಾಲ್ಕನೆಯದಕ್ಕೆ ಬಿಸಿಲು ಇಳಿಯುತ್ತಿತ್ತು. ಬಲೂನೂ ಹನ್ನೆರಡೇ ಉಳಿದಿದ್ದವು.

ನೀರಿನ ಬಲೂನು ನಿಧಾನವಾಗಿ ಒಡೆಯುವುದನ್ನು ನೀವು ನೋಡಿದ್ದೀರಾ? ರಬ್ಬರು ಒಂದೆರಡು ಫ್ರೇಮಿನಲ್ಲೇ ಮಾಯ. ನೀರಿಗೆ ಇನ್ನೂ ಸುದ್ದಿ ತಲುಪಿರುವುದಿಲ್ಲ. ಬಲೂನಿನದೇ ಆಕಾರದಲ್ಲಿ, ಸುತ್ತ ಏನೂ ಇಲ್ಲದೆ, ನೀಲಿ ನೀರು ಗಾಳಿಯಲ್ಲಿ ನಿಂತಿರುತ್ತದೆ. ಆಮೇಲೆ ಮೈಯೆಲ್ಲ ನಡುಗಿ ಕೆಳಗಿಳಿಯುತ್ತದೆ. ಎಂಟು ಬಲೂನು ಹೀಗೆ, ಹಾಡಿನ ತಾಳಕ್ಕೆ ಸರಿಯಾಗಿ, ಒಂದಾದ ಮೇಲೊಂದು. ಒಂಬತ್ತನೆಯದರ ಹೊಟ್ಟೆಗೆ ಸೂಜಿ ಒತ್ತುತ್ತದೆ. ಗುಳಿ ಬೀಳುತ್ತದೆ. ಗುಳಿ ಆಳವಾಗುತ್ತದೆ. ಬಲೂನು ನಿಧಾನವಾಗಿ ಹಿಂದಕ್ಕೆ ಓಲಾಡಿ, ಸೂಜಿಯಿಂದ ಜಾರಿ, ಏನೂ ಆಗದವರಂತೆ ಮುಂದೆ ಬಂದು ನಿಲ್ಲುತ್ತದೆ. ಹಿಂದೆ ಅಕ್ಕನ ಮುಖದಲ್ಲಿ ಹುಬ್ಬು ಏರುತ್ತಿರುವುದು ಎಂಟು ಪಟ್ಟು ನಿಧಾನವಾಗಿ ಕಾಣುತ್ತದೆ. ಆದರೂ ಅವಳು ಹೆಜ್ಜೆ ತಪ್ಪಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಕೊನೆಗೆ ಕಾಗದದ ಮುಖ ಹಾಡುತ್ತದೆ, ಕೊನೆಯ ಪದ ಮಾತ್ರ ಸ್ವಲ್ಪ ಬೇಗ.

ಒಂಬತ್ತನೆಯ ಜಾಗಕ್ಕೆ ಮೂರನೆಯ ಟೇಕಿನ ತುಂಡು ಜೋಡಿಸಬಹುದು ಎಂದೆ. 2016ರಲ್ಲೇ ವಿಮಾನದಲ್ಲಿ ತೂಕವಿಲ್ಲದೆ ತೇಲುತ್ತಾ ತೆಗೆದ ವಿಡಿಯೊದಲ್ಲಿ ಬ್ಯಾಂಡಿನವರೂ ಹಾಗೆ ಮಾಡಿದ್ದಾರಲ್ಲ, ಒಮ್ಮೆಗೆ ತೇಲಲು ಸಿಗುವುದು 27 ಸೆಕೆಂಡು ಮಾತ್ರ, ನಡುವೆ ಕಾಯುವ ನಿಮಿಷಗಳನ್ನು ಕತ್ತರಿಸಿದ್ದಾರೆ ಎಂದೆ.

"ಅವ್ರು ಕಾಯೋದನ್ನ ಕತ್ತರಿಸಿದ್ದು ಮಾಮ. ಆಗಿದ್ದನ್ನಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಒಂಬತ್ತನೆಯದು ಹಾಗೆಯೇ ಉಳಿಯಿತು. ಮನೆಯವರೆಲ್ಲ ಸೇರಿ ನೋಡುವಾಗ ಜೋರು ನಗು ಬಂದದ್ದೂ ಅಲ್ಲೇ.

ತಾರಸಿಯ ಮೂಲೆ ಮೂಲೆಯಿಂದ ರಬ್ಬರಿನ ಚೂರು ಆರಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಬಗ್ಗಿ ಬಗ್ಗಿ ಸೊಂಟ ನೋಯುತ್ತಿತ್ತು. ಅವಳು ಚೂರುಗಳನ್ನು ಬಕೆಟ್ಟಿಗೆ ಹಾಕುತ್ತಾ ಇನ್ನೇನನ್ನೋ ಎಣಿಸುತ್ತಿದ್ದಳು.

"ಮಾಮ, 567 ಪ್ರಿಂಟರ್ ಇಟ್ಟು ಮಾಡಿದ ವಿಡಿಯೊ ಇದೆಯಲ್ಲ, ಅದ್ರಲ್ಲಿ ಹಿಂದಿನ ಗೋಡೆ ಪೂರ್ತಿ ಪ್ರಿಂಟರೇ. ನಮ್ಮನೇಲಿ ಎಷ್ಟಿದೆ?"

ಒಂದು ಎಂದೆ. ಅದರಲ್ಲೂ ಶನಿವಾರವೇ ಇಂಕು ಮುಗಿದಿತ್ತು.