ನಗುವವರು ಯಾರ ಕಡೆ?

14 ಮಾರ್ಚ್ 2026, ಶನಿವಾರ

ಸಂಗೀತಗಾರರ ಸಂದರ್ಶನ ಕೆಟ್ಟು ಕೆರ ಹಿಡಿದ ಕ್ಲಿಪ್‌ಗಳನ್ನು ಒಂದಾದ ಮೇಲೊಂದು ನೋಡಿದೆ. ಮೈ ಮುದುಡುತ್ತದೆ, ಆದರೂ ನಿಲ್ಲಿಸಲು ಮನಸ್ಸಾಗುವುದಿಲ್ಲ. ಈ ಸಲ ಕುರ್ಚಿಯಲ್ಲಿ ಕೂತವರನ್ನು ಬಿಟ್ಟು ನೋಡುಗರ ಕಡೆ ಗಮನ ಕೊಟ್ಟೆ.

ಬಿಲ್ಲಿ ಬಾಬ್ ಥಾರ್ನ್‌ಟನ್ ಎಂದರೆ ಹೆಚ್ಚಿನವರಿಗೆ ನಟ. 2009ರ ಏಪ್ರಿಲ್‌ನಲ್ಲಿ ಕೆನಡಾದ ಸಿಬಿಸಿ ರೇಡಿಯೋಗೆ ಬಂದದ್ದು ಮಾತ್ರ ಬಾಕ್ಸ್‌ಮಾಸ್ಟರ್ಸ್ ಎಂಬ ತಮ್ಮ ತಂಡದೊಂದಿಗೆ, ಸಂಗೀತಗಾರನಾಗಿ. ನಿರೂಪಕ ಪರಿಚಯದಲ್ಲೇ ಸಿನಿಮಾದ ಮಾತು ತೆಗೆದರು. ಅದನ್ನು ಎತ್ತಬಾರದೆಂದು ಮೊದಲೇ ಹೇಳಿಸಿದ್ದೆ ಎಂಬುದು ಥಾರ್ನ್‌ಟನ್ ಸಿಟ್ಟು. ಅಲ್ಲಿಂದ ಅಸಹಕಾರ ಶುರು. ತಂಡ ಕಟ್ಟಿದ್ದು ಯಾವಾಗ ಎಂದರೆ, ಹಾಗೆಂದರೇನೋ ಗೊತ್ತಾಗಲಿಲ್ಲ ಎಂಬ ಉತ್ತರ. ಬಾಲ್ಯದ ಸಂಗೀತದ ಬಗ್ಗೆ ಕೇಳಿದರೆ ಭೂತಪ್ರೇತಗಳ ಸಿನಿಮಾ ಪತ್ರಿಕೆಯೊಂದು ನಡೆಸಿದ ಗೊಂಬೆ ಮಾಡುವ ಸ್ಪರ್ಧೆಯ ಪುರಾಣ. ಉತ್ತರಿಸುವ ಪಾಡು ಪಕ್ಕದಲ್ಲಿದ್ದ ತಂಡದವರಿಗೆ. ಕೊನೆಗೆ ಕೆನಡಾದ ಪ್ರೇಕ್ಷಕರನ್ನೂ ಎಳೆದು ತಂದರು: ಸುಮ್ಮನೆ ಕೂತಿರುತ್ತಾರಂತೆ, ಗ್ರೇವಿ ಇಲ್ಲದ ಹಿಸುಕಿದ ಆಲೂಗಡ್ಡೆಯಂತೆ!

ಮರುದಿನ ರಾತ್ರಿ ಟೊರಾಂಟೋದ ಮ್ಯಾಸಿ ಹಾಲ್‌ನಲ್ಲಿ, ವಿಲ್ಲಿ ನೆಲ್ಸನ್ ಕಛೇರಿಗೆ ಮುಂಚೆ ಇದೇ ತಂಡ ವೇದಿಕೆ ಹತ್ತಿತು. ಥಾರ್ನ್‌ಟನ್ ಹಿಂದಿನ ದಿನದ ನಿರೂಪಕನನ್ನು ಜರೆದದ್ದೇ ತಡ, ಆ ‘ಸುಮ್ಮನೆ ಕೂರುವ’ ಜನ ಛೀ ಥೂ ಎಂದು ಕೂಗಿದರು. ಗ್ರೇವಿಯ ಮಾತು ಥಾರ್ನ್‌ಟನ್‌ಗೇ ತಿರುಗುಬಾಣವಾಯಿತು. ಕೆನಡಾದ ಉಳಿದ ಕಾರ್ಯಕ್ರಮಗಳಿಂದ ತಂಡ ಹಿಂದೆ ಸರಿಯಿತು. ನನಗೆ ಥಾರ್ನ್‌ಟನ್ ಬಗ್ಗೆ ಅರ್ಧ ಕನಿಕರವಿದೆ. ಹೊಸ ಕೆಲಸಕ್ಕೆ ಬಂದವನನ್ನು ಹಳೆಯ ಹೆಸರಿನಿಂದಲೇ ಕರೆದರೆ ಕೋಪ ಬಾರದೇ? ಆದರೆ ಅದನ್ನು ಕೇಳುಗರ ಮೇಲೆ ತೀರಿಸಿಕೊಂಡರೆ ಕನಿಕರ ಎಷ್ಟು ಹೊತ್ತು ಉಳಿದೀತು.

1976ರ ಡಿಸೆಂಬರ್ 1ರಂದು ಲಂಡನ್‌ನ ಥೇಮ್ಸ್ ಟೆಲಿವಿಷನ್‌ನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ತಂಡದ ಹುಡುಗರು ನೇರ ಪ್ರಸಾರದಲ್ಲಿ ಬೈಗುಳ ಸುರಿಸಿದರು. ಕೆಣಕಿದ್ದು ನಿರೂಪಕ ಬಿಲ್ ಗ್ರಂಡಿ, ಎರಡು ವಾರ ಅಮಾನತಾದದ್ದೂ ಅವರೇ. ಲಾರಿ ಚಾಲಕನೊಬ್ಬ ಸಿಟ್ಟಿನಲ್ಲಿ ತನ್ನ ಟೀವಿಯನ್ನೇ ಒದ್ದು ಒಡೆದನೆಂದು ಪತ್ರಿಕೆ ಬರೆಯಿತು. ಬೈದವರು ಅಲ್ಲಿ, ನಷ್ಟ ಈತನ ಮನೆಯಲ್ಲಿ!

ಬೀ ಜೀಸ್ ಪಾಪ್ ತಂಡದ ಸಹೋದರರು ಬ್ರಿಟನ್ನಿನ ಟೀವಿ ನಿರೂಪಕ ಕ್ಲೈವ್ ಆಂಡರ್ಸನ್ ಕಾರ್ಯಕ್ರಮದಿಂದ ಎದ್ದು ಹೋದದ್ದನ್ನು ಮತ್ತೆ ಮತ್ತೆ ನೋಡಿದೆ. ನಿರೂಪಕ ಒಂದೊಂದೇ ಚುಚ್ಚುಮಾತು ಬಿಡುತ್ತಾರೆ, ಸ್ಟುಡಿಯೋದ ಜನ ನಗುತ್ತಾರೆ. ನಕ್ಕಷ್ಟೂ ಆತನಿಗೆ ಹುರುಪು. ಅಣ್ಣ ಬ್ಯಾರಿ ಎದ್ದರು, ತಮ್ಮಂದಿರೂ ಹಿಂಬಾಲಿಸಿದರು. ಆ ನಗುವಿಲ್ಲದಿದ್ದರೆ ನಿರೂಪಕ ಎರಡನೇ ಮಾತಿಗೇ ತಣ್ಣಗಾಗುತ್ತಿದ್ದರೆಂದು ನನ್ನ ಅನಿಸಿಕೆ. ಹೀಗಾಗಿ ತಪ್ಪಿನಲ್ಲಿ ಚಪ್ಪಾಳೆಯವರಿಗೂ ಪಾಲಿದೆ.

ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡದ ವಿಷಯಕ್ಕೆ ಬಂದರೆ ನನಗೆ ಜನರ ಮೇಲೇ ಸಿಟ್ಟು. 2007ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೋದಲ್ಲಿ ಅವರು ಕೊಟ್ಟದ್ದು ಒಂದೆರಡು ಪದಗಳ ಉತ್ತರ, ಮಿಕ್ಕದ್ದೆಲ್ಲ ಮೌನ. ಅದರ ಕ್ಲಿಪ್ ನೋಡಿದವರು ‘ಸೊಕ್ಕು’ ಎಂದರು. ಸೊಕ್ಕೇ? ತಮ್ಮದಲ್ಲದ ಭಾಷೆಯಲ್ಲಿ, ಪದಗಳಿಗೆ ಸಿಗದ ಸಂಗೀತವನ್ನು ವಿವರಿಸಿ ಎಂದರೆ ಏನು ಹೇಳಬೇಕು? 2002ರ ಆಲ್ಬಮ್‌ಗೆ ಅವರಿಟ್ಟ ಹೆಸರು ಎರಡು ಆವರಣ ಚಿಹ್ನೆ ಮಾತ್ರ. ಹಾಡುಗಳಿಗೆ ಶೀರ್ಷಿಕೆಯಿಲ್ಲ, ಹಾಡಿದ್ದು ಅರ್ಥವಿಲ್ಲದ ಉಲಿಗಳನ್ನು, ಜೊತೆಗಿದ್ದ ಪುಸ್ತಿಕೆಯೂ ಖಾಲಿ. ಅಂಥವರಿಂದ ಹರಟೆ ಬಯಸಿದ ರೇಡಿಯೋದವರನ್ನೂ ಕೇಳಬೇಕಲ್ಲವೇ?