ನೂರು ಜನ ಇದಾರಾ?

ವಕೀಲರು ಕೇಳಿದ್ದು ಇಷ್ಟೇ: "ನಿಮ್ ಥರ ದುಡ್ಡು ಕಳ್ಕೊಂಡೋರು ನೂರು ಜನ ಇದಾರಾ ಯಜಮಾನ್ರೇ?"

ದೊಡ್ಡಪ್ಪ ಉತ್ತರ ಹೇಳಲಿಲ್ಲ. ತೊಡೆಯ ಮೇಲಿದ್ದ ಫೈಲಿನ ದಾರ ಬಿಚ್ಚಿ, ಮತ್ತೆ ಕಟ್ಟಿ, ನನ್ನ ಮುಖ ನೋಡಿದರು. ಮಂಗಳವಾರ ತುಮಕೂರಿನಿಂದ ವಾಪಸ್ ಬಂದಾಗಿನಿಂದ ಆ ನೋಟ ನನ್ನ ಕಣ್ಣಮುಂದಿಂದ ಹೋಗಿಲ್ಲ. ಲೆಕ್ಕದ ಪ್ರಶ್ನೆಗೆ ಅವರು ಉತ್ತರವಿಲ್ಲದೆ ಕೂತದ್ದನ್ನು ನಾನು ನೋಡಿದ್ದೇ ಅವತ್ತು.

ದೊಡ್ಡಪ್ಪ ಶೇರು ಕೊಂಡ ಕಂಪನಿಯ ಹೆಸರು ಬರೆಯುವುದಿಲ್ಲ, ವಕೀಲರೇ ಬೇಡ ಎಂದಿದ್ದಾರೆ. ಅದರೊಳಗೆ ನಡೆದದ್ದು ಇಷ್ಟು: ಇಲ್ಲದ ಗಿರಾಕಿಗಳಿಗೆ ಮಾಲು ಮಾರಿದಂತೆ ಬಿಲ್ಲು, ಬಾರದ ದುಡ್ಡು ಬಂದಂತೆ ಲೆಕ್ಕ, ಪ್ರವರ್ತಕರ ನೆಂಟರ ಕಂಪನಿಗಳಿಗೆ ಸಾಲದ ಹೆಸರಲ್ಲಿ ಹರಿದುಹೋದ ಹಣ. ಶೇರುಪೇಟೆಯ ಮೇಲೆ ನಿಗಾ ಇಡುವ ಸೆಬಿಯ ಆದೇಶ ಹೊರಬಿದ್ದ ಮೇಲೆ ದಿನಾ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಬೆಲೆ ಎಷ್ಟು ಇಳಿಯಬಹುದೋ ಅಷ್ಟೂ ಇಳಿಕೆ; ಮಾರೋಣವೆಂದರೂ ಕೊಳ್ಳುವವರಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಾರಿ ಉಳಿಸಿದ್ದು, ನಿವೃತ್ತಿಯಾದಾಗ ಬಂದದ್ದರಲ್ಲಿ ಒಂದು ಪಾಲು, ಎಲ್ಲ ಸೇರಿ ಐದು ಲಕ್ಷ ಹಾಕಿದ್ದರು. ಈಗ ಶೇರುಗಳ ಲೆಕ್ಕ ತೋರಿಸುವ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಅದರ ಬೆಲೆ ನಲವತ್ತು ಸಾವಿರವೂ ಇಲ್ಲ.

"ಅಪ್ಪಾ, ಶೇರು ಅಂದ್ರೇನೇ ಜೂಜು. ಹೋಗಿದ್ದು ಹೋಯ್ತು, ಬಿಟ್ಬಿಡು" ಎಂದ ಅವರ ಮಗ, ಬೆಂಗಳೂರಿನಿಂದ ಫೋನಿನಲ್ಲೇ. ಅವನು ಕೆಟ್ಟವನಲ್ಲ, ಅಪ್ಪ ಕೊರಗಬಾರದೆಂದೇ ಹಾಗೆ ಹೇಳಿದ್ದು. ಆದರೆ ಆ ಮಾತು ನನಗೆ ಸಹಿಸಲಾಗಲಿಲ್ಲ. ಜೂಜಾಡುವವರು ವಾರ್ಷಿಕ ವರದಿ ಓದುತ್ತಾರಾ?

ದೊಡ್ಡಪ್ಪ ಓದಿದ್ದರು. ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ಆಡಿಟ್ ಬಂತೆಂದರೆ ಮಧ್ಯಾಹ್ನದ ಊಟ ಸಂಜೆಗೆ. ನಗದು ಪುಸ್ತಕ ಒಂದೂಕಾಲು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಮನೆಗೂ ತಂದು ಕೂಡಿಸುತ್ತಿದ್ದರು. ಅಂಥವರ ಕೈಯಲ್ಲಿದ್ದ ಆ ಕಂಪನಿಯ ವರದಿಯನ್ನು ವಕೀಲರ ಮೇಜಿನ ಮೇಲೆ ಬಿಚ್ಚಿಟ್ಟಾಗ ನೋಡಿದೆ. ಮಾರಾಟ, ಬರಬೇಕಾದ ಬಾಕಿ, ಬ್ಯಾಂಕಿನಲ್ಲಿರುವ ಹಣ, ಒಂದೊಂದು ಅಂಕಿಯ ಪಕ್ಕದಲ್ಲೂ ಪೆನ್ಸಿಲ್ಲಿನ ಸಣ್ಣ ಟಿಕ್. ಕೂಡಿದ್ದು ಸರಿಯಿದೆಯೇ ಎಂದು ಅಂಚಿನಲ್ಲಿ ತಾವೇ ಮತ್ತೆ ಕೂಡಿದ್ದಾರೆ. ಲೆಕ್ಕ ಸತ್ಯವಾಗಿದೆ, ಸರಿಯಾಗಿದೆ ಎಂದು ಆಡಿಟರು ಬರೆದು ಸಹಿ ಹಾಕಿದ ಸಾಲಿನ ಕೆಳಗೆ ಎರಡು ಗೆರೆ. ಆ ಸಹಿಯನ್ನು ನಂಬಿ ದುಡ್ಡು ಹಾಕಿದರು. ಒಂದೂಕಾಲು ರೂಪಾಯಿಗೆ ನಿದ್ದೆಗೆಟ್ಟ ಮನುಷ್ಯನಿಗೆ, ಕೋಟಿಗಳನ್ನು ನೋಡದೆ ಸಹಿ ಹಾಕುವವರು ಇರುತ್ತಾರೆಂದು ಹೇಗೆ ಹೊಳೆಯಬೇಕು?

ಮಗನಿಗೆ ಅವರು ಕೊಟ್ಟ ಉತ್ತರ ಇದು: "ಕೊಬ್ಬರಿ ರೇಟು ಬಿದ್ರೆ ನಾವ್ಯಾವತ್ತಾದ್ರೂ ಯಾರ ಮೇಲಾದ್ರೂ ಕೇಸ್ ಹಾಕಿದೀವೇನಪ್ಪ? ಬಿದ್ದಿದ್ದು ರೇಟಲ್ಲ. ತಕ್ಕಡೀಲಿ ಮೋಸ ಆಗಿದೆ."

ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ವ್ಯಾಪಾರ ಕೈಕೊಟ್ಟು ಶೇರು ಬಿದ್ದರೆ ಅದು ಹಾಕಿದವನ ಪಾಡು. ಸುಳ್ಳು ಲೆಕ್ಕ ತೋರಿಸಿ ಕೊಳ್ಳುವಂತೆ ಮಾಡಿದರೆ ಅದು ಕಳ್ಳತನ. ಈ ಎರಡನ್ನೂ "ಶೇರಲ್ಲಿ ಕಳ್ಕೊಂಡ" ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕುವ ನಮ್ಮ ಜನರ ಅಭ್ಯಾಸವೇ ಕಳ್ಳರಿಗೆ ದೊಡ್ಡ ರಕ್ಷಣೆ.

ವಕೀಲರು ಒಳ್ಳೆಯವರು. ಫೀಸು ಮುಟ್ಟಲಿಲ್ಲ, ಆಸೆ ಹುಟ್ಟಿಸಲೂ ಇಲ್ಲ. ತುಮಕೂರಿನ ಸಿವಿಲ್ ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲ, ಕಂಪನಿ ವ್ಯಾಜ್ಯ ನಡೆಸುವ ಬೆಂಗಳೂರಿನ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೇ ಹೋಗಬೇಕು ಎಂದರು. 2013ರ ಕಂಪನಿ ಕಾಯ್ದೆಯ 245ನೇ ಕಲಮಿನಡಿ ಶೇರುದಾರರು ಒಟ್ಟಾಗಿ ಕಂಪನಿಯ ಮೇಲೆ, ನಿರ್ದೇಶಕರ ಮೇಲೆ, ಆಡಿಟರ ಮೇಲೂ ಪರಿಹಾರ ಕೇಳಬಹುದು. ಆದರೆ ಕನಿಷ್ಠ ನೂರು ಜನ ಸದಸ್ಯರು, ಅಂದರೆ ಶೇರುದಾರರು, ಇಲ್ಲವೇ ಒಟ್ಟು ಸದಸ್ಯರಲ್ಲಿ ಶೇ. 5, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಅದೂ ಆಗದಿದ್ದರೆ, ಶೇರುಪೇಟೆಯಲ್ಲಿ ವಹಿವಾಟಾಗುವ ಲಿಸ್ಟೆಡ್ ಕಂಪನಿಯಲ್ಲಿ ಶೇ. 2ರಷ್ಟು ಶೇರು ಇರುವವರು ಬರಬೇಕು. ಅಷ್ಟು ಶೇರು ದೊಡ್ಡಪ್ಪನಂಥವರ ಹತ್ತಿರ ಎಲ್ಲಿಂದ ಬರಬೇಕು? ಹಾಗಾಗಿ ಆ ಪ್ರಶ್ನೆ: ನೂರು ಜನ ಇದಾರಾ?

ಈ ಕಲಮು ಬರುವುದಕ್ಕೂ ಒಂದು ಪೆಟ್ಟು ಬೀಳಬೇಕಾಯಿತು. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗರಾಜು, ವರ್ಷಗಟ್ಟಲೆ ಲೆಕ್ಕ ಉಬ್ಬಿಸಿದ್ದೇನೆಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅದೇ ಕಂಪನಿಯ ಷೇರು ನ್ಯೂಯಾರ್ಕಿನಲ್ಲೂ ವಹಿವಾಟಾಗುತ್ತಿತ್ತು. ಅಲ್ಲಿನ ಹೂಡಿಕೆದಾರರು ಒಟ್ಟಾಗಿ ದಾವೆ ಹೂಡಿದರು. 2011ರಲ್ಲಿ ಕಂಪನಿ 12.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ಆಡಿಟ್ ಸಂಸ್ಥೆಯ ಕಡೆಯವರೂ 2.55 ಕೋಟಿ ಡಾಲರ್ ಕೊಡಲು ಒಪ್ಪಿದರು. ಇಲ್ಲಿನವರ ಪರವಾಗಿ ಹೂಡಿಕೆದಾರರ ಸಂಘವೊಂದು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ ಬರಿಗೈಯಲ್ಲಿ ವಾಪಸ್ಸಾಯಿತು. ಒಂದೇ ಕಂಪನಿ, ಒಂದೇ ಸುಳ್ಳು. 245ನೇ ಕಲಮು ಜಾರಿಗೆ ಬಂದದ್ದು 2016ರ ಜೂನ್‌ನಲ್ಲಿ.

ಕಾನೂನೇನೋ ಬಂತು. ಜನ?

ದೊಡ್ಡಪ್ಪ ಬುಧವಾರದಿಂದಲೇ ಫೋನು ಹಿಡಿದರು. ತುಮಕೂರಿನ ಬ್ರೋಕರ್ ಆಫೀಸಿನ ಹುಡುಗ, ಈ ಶೇರು ಕೊಳ್ಳುವಾಗ ದಿನಾ ಕರೆ ಮಾಡುತ್ತಿದ್ದವನು, ಈಗ ಎತ್ತುವುದಿಲ್ಲ. ಪರಿಚಯದವರ ಮೂಲಕ ಶಿರಾದ ಒಬ್ಬ ಮೇಷ್ಟ್ರು ಸಿಕ್ಕರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು: "ನನ್ ಹೆಸರು ಬೇಡ ಸಾರ್. ಮನೇಲಿನ್ನೂ ಹೇಳಿಲ್ಲ." ಮಗಳ ಮದುವೆಗೆಂದು ಇಟ್ಟಿದ್ದ ದುಡ್ಡಂತೆ. ಕದ್ದವರು ಟೀವಿಯಲ್ಲಿ ಸಂದರ್ಶನ ಕೊಡುತ್ತಿದ್ದಾರೆ. ಕಳೆದುಕೊಂಡ ಮೇಷ್ಟ್ರು ಹೆಂಡತಿಗೆ ಹೆದರಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದಾರೆ. ಇಂಥವರು ನೂರಲ್ಲ, ಸಾವಿರಾರು ಜನ ಇರಬಹುದು. ನಾಚಿಕೆಯಿಂದ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಕೂತಿರುವುದರಿಂದ ಎಣಿಕೆಗೆ ಸಿಗುತ್ತಿಲ್ಲ.

ಕಂಪನಿಯ ಸದಸ್ಯರ ರಿಜಿಸ್ಟರನ್ನು ಯಾವ ಶೇರುದಾರನಾದರೂ ನೋಡಬಹುದು, ಫೀಸು ಕಟ್ಟಿ ನಕಲು ಪಡೆಯಬಹುದು. ಅದೇ ಕಾಯ್ದೆಯ 94ನೇ ಕಲಮಿನ ಹಕ್ಕದು. ಅದು ಗೊತ್ತಾದಾಗ ದೊಡ್ಡಪ್ಪನ ಮುಖ ಅರಳಿತು. ಸಂಘದ ಸದಸ್ಯರ ಪಟ್ಟಿ ಬರೆದ ಕೈಯಲ್ಲವೇ. ಆದರೆ 2022ರ ತಿದ್ದುಪಡಿ ನಿಯಮ ಓದಿ ಹೇಳಬೇಕಾದವಳು ನಾನೇ ಆದೆ: ಹಾಗೆ ಸಿಗುವ ನಕಲಿನಲ್ಲಿ ಸದಸ್ಯರ ವಿಳಾಸ ಇರುವುದಿಲ್ಲ, ಇಮೇಲ್ ಇರುವುದಿಲ್ಲ. ಹೆಸರು ಸಿಗುತ್ತದೆ, ಮನೆ ಸಿಗುವುದಿಲ್ಲ. ಜನರ ಗುಟ್ಟು ಕಾಪಾಡಲು ಮಾಡಿದ ನಿಯಮವಿರಬಹುದು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಒಂದು ಕೈಯಲ್ಲಿ ನೂರು ಜನರನ್ನು ಕರೆತಾ ಎಂದು, ಇನ್ನೊಂದು ಕೈಯಲ್ಲಿ ಅವರ ಮನೆ ಎಲ್ಲಿದೆಯೆಂದು ತೋರಿಸದಿದ್ದರೆ ಎಪ್ಪತ್ತು ದಾಟಿದವರು ಎಲ್ಲಿ ಹುಡುಕಬೇಕು? ಅರ್ಜಿ ಅಂಗೀಕಾರವಾದ ಮೇಲೆ ಎಲ್ಲ ಸದಸ್ಯರಿಗೂ ಸಾರ್ವಜನಿಕ ನೋಟಿಸು ಹೊರಡಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ನೋಟಿಸಿನ ಅಗತ್ಯ ಇರುವುದು ಅದಕ್ಕೂ ಮೊದಲು, ನೂರು ಜನ ಕೂಡಬೇಕಾದಾಗ. ವಾರ್ಷಿಕ ಸಭೆಯ ನೋಟಿಸನ್ನು ಎಲ್ಲರ ಇಮೇಲಿಗೂ ಕಳಿಸುವ ಕಂಪನಿಗೆ, ನೊಂದ ಶೇರುದಾರನ ಒಂದು ಪುಟದ ಕಾಗದವನ್ನೂ ಹಾಗೆಯೇ ಕಳಿಸು ಎಂದು ಆದೇಶಿಸುವ ವ್ಯವಸ್ಥೆ ಇರಲೇಬೇಕು. ಯಾರ ವಿಳಾಸವೂ ಯಾರಿಗೂ ಸಿಗದೆ ಕೆಲಸ ಆಗುತ್ತದೆ.

ದೊಡ್ಡಪ್ಪ ಕೈಬಿಟ್ಟಿಲ್ಲ. ರಿಜಿಸ್ಟರಿನ ನಕಲು ಕೇಳಿ ಬರೆದ ಪತ್ರ ನಿನ್ನೆ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ಗುಬ್ಬಿಯ ಒಬ್ಬರು, ಚಿಕ್ಕನಾಯಕನಹಳ್ಳಿಯ ಅಣ್ಣತಮ್ಮಂದಿರು ಸೇರಲು ಒಪ್ಪಿದ್ದಾರೆ. ಭಾನುವಾರ ನಮ್ಮ ಮನೆಯಲ್ಲಿ ಕೂರುವುದೆಂದಾಗಿದೆ. ಶಿರಾದ ಮೇಷ್ಟ್ರಿಗೂ ಹೇಳಿದ್ದೇವೆ. ಯಾವ ಕಂಪನಿಯದಾದರೂ ಸರಿ, ಇಂಥ ಮೋಸದಲ್ಲಿ ಕಳೆದುಕೊಂಡವರು ಇದನ್ನು ಓದುತ್ತಿದ್ದರೆ ಶೇರು ಕೊಂಡದ್ದಕ್ಕೆ ಬ್ರೋಕರ್ ಕೊಟ್ಟ ಕಾಂಟ್ರಾಕ್ಟ್ ನೋಟು, ಡಿಮ್ಯಾಟ್ ಸ್ಟೇಟ್‌ಮೆಂಟು, ಹಳೆಯ ವಾರ್ಷಿಕ ವರದಿ ಯಾವುದನ್ನೂ ರದ್ದಿಗೆ ಹಾಕಬೇಡಿ. ಮನೆಯಲ್ಲಿ ಹೇಳಿ.